ಎರರ್ ಬಾರದೆ ಕೆಡುವ ಸಾರ್ಟ್: ದೋಷ ಎಲ್ಲಿ ಅಡಗಿರುತ್ತದೆ, ಹೇಗೆ ಹಿಡಿಯುವುದು?

ಪ್ರಶ್ನೆ: ನಮಸ್ಕಾರ ಸರ್. ಜಾವಾಸ್ಕ್ರಿಪ್ಟ್‌ನಲ್ಲಿ ನಾನೇ ಒಂದು ಮರ್ಜ್ ಸಾರ್ಟ್ (ಪಟ್ಟಿಯನ್ನು ಅರ್ಧರ್ಧ ಒಡೆಯುತ್ತ ಹೋಗಿ, ಮತ್ತೆ ಕ್ರಮವಾಗಿ ಸೇರಿಸುವ ವಿಧಾನ) ಬರೆದಿದ್ದೇನೆ. ಪ್ರತಿ ರೆಕಾರ್ಡ್‌ನಲ್ಲಿ ಸ್ಪರ್ಧಿಯ ಅಂಕ ಮತ್ತು ತೆಗೆದುಕೊಂಡ ಸಮಯ ಇದೆ. ಅಂಕ ಹೆಚ್ಚಿದ್ದವರು ಮೇಲೆ ಬರಬೇಕು. ಇಬ್ಬರ ಅಂಕದ ವ್ಯತ್ಯಾಸ 0.5ಕ್ಕಿಂತ ಕಡಿಮೆಯಿದ್ದರೆ ಅಂಕ ಸಮ ಎಂದು ತಿಳಿದು, ಕಡಿಮೆ ಸಮಯ ತೆಗೆದುಕೊಂಡವರು ಮೇಲೆ ಬರಬೇಕು. ಅಂಕವೇ ಇಲ್ಲದ ರೆಕಾರ್ಡ್ ಸಿಕ್ಕರೆ ನನ್ನ ಕಂಪ್ಯಾರೇಟರ್ (ಎರಡು ರೆಕಾರ್ಡ್ ಹೋಲಿಸಿ ಯಾವುದು ಮೊದಲು ಎಂದು ಹೇಳುವ ಫಂಕ್ಷನ್) 0, ಅಂದರೆ ‘ಸಮ’ ಎಂಬ ಉತ್ತರ ಕೊಡುತ್ತದೆ. ಹತ್ತು ಹನ್ನೆರಡು ರೆಕಾರ್ಡ್‌ಗಳಿಗೆ ಎಲ್ಲ ಸರಿಯಾಗಿ ಬರುತ್ತದೆ. ಸಾವಿರಾರು ಆದ ಕೂಡಲೇ ಕ್ರಮ ಅಲ್ಲಲ್ಲಿ ತಪ್ಪುತ್ತದೆ, ಕೆಲವು ರೆಕಾರ್ಡ್‌ಗಳೇ ಕಾಣೆಯಾಗುತ್ತವೆ. ಫೈಲ್‌ನ ಸಾಲುಗಳನ್ನು ಹಿಂದೆ ಮುಂದೆ ಮಾಡಿದರೆ ಬೇರೆಯವು ಕಾಣೆಯಾಗುತ್ತವೆ. ಸಾರ್ಟ್ ಮುಗಿದ ಮೇಲೆ ಫಲಿತಾಂಶವನ್ನು ಮೂಲ ಅರೇಗೇ ತುಂಬುತ್ತೇನೆ. ಆದರೆ ಸಾರ್ಟ್‌ಗೆ ಮೊದಲು ಕನ್ಸೋಲ್‌ಗೆ ಹಾಕಿ ನೋಡಿದರೂ ಅರೇ ಆಗಲೇ ಬದಲಾದಂತೆ ಕಾಣುತ್ತದೆ. ಎರರ್ ಬಂದರೆ ಹಿಡಿಯಲು ಟ್ರೈ-ಕ್ಯಾಚ್ ಹಾಕಿದ್ದೇನೆ, ಒಂದು ಎರರ್ ಕೂಡ ಬಂದಿಲ್ಲ. ಕೋಡನ್ನೂ ಜೊತೆಗೆ ಕಳಿಸಿದ್ದೇನೆ. ಎಲ್ಲಿಂದ ಹುಡುಕಲು ಶುರು ಮಾಡಲಿ?

ಉತ್ತರ: ನಿಮ್ಮ ಕೋಡ್ ಓದಿದೆ. ಅದರಲ್ಲಿರುವುದು ಒಂದು ದೋಷವಲ್ಲ, ಹಲವು. ಒಂದರ ನೆರಳಿನಲ್ಲಿ ಇನ್ನೊಂದು ಅಡಗಿದೆ. ಇಂಥ ಕಡೆ ಕೋಡನ್ನು ಮೇಲಿಂದ ಕೆಳಗೆ ಮತ್ತೆ ಮತ್ತೆ ಓದುತ್ತ ಕೂತರೆ ದಿನ ಹೋಗುತ್ತದೆ. ದೋಷಗಳನ್ನು ಮೊದಲು ಬೇರೆ ಬೇರೆ ಮಾಡಿಕೊಳ್ಳಬೇಕು. ಅದಕ್ಕೂ ಮುಂಚೆ, ಎರರ್ ಯಾಕೆ ಬರುತ್ತಿಲ್ಲ ಎಂಬುದು ಸ್ಪಷ್ಟವಾಗಬೇಕು.

ಸಾವಿರ ರೆಕಾರ್ಡ್ ಇದ್ದರೆ ಅವುಗಳಲ್ಲಿ 4,99,500 ಜೋಡಿಗಳಿವೆ. ಮರ್ಜ್ ಸಾರ್ಟ್ ನಿಮ್ಮ ಕಂಪ್ಯಾರೇಟರನ್ನು ಹೆಚ್ಚೆಂದರೆ 8,977 ಸಲ ಕರೆಯುತ್ತದೆ. ಉಳಿದ ನಾಲ್ಕು ಲಕ್ಷ ತೊಂಬತ್ತು ಸಾವಿರ ಜೋಡಿಗಳ ಕ್ರಮವನ್ನು ಅದು ಯಾರನ್ನೂ ಕೇಳುವುದಿಲ್ಲ. ‘ಅ’ ಎಂಬುದು ‘ಬ’ಗಿಂತ ಮೊದಲು, ‘ಬ’ ಎಂಬುದು ‘ಕ’ಗಿಂತ ಮೊದಲು ಎಂದಾದರೆ ‘ಅ’ ಖಂಡಿತ ‘ಕ’ಗಿಂತ ಮೊದಲು ಎಂದು ತಾನೇ ತೀರ್ಮಾನಿಸಿಬಿಡುತ್ತದೆ. ಸಾರ್ಟ್ ವೇಗವಾಗಿ ಮುಗಿಯುವುದೇ ಹೀಗೆ ಕೇಳದೆ ನಂಬುವುದರಿಂದ. ಆ ನಂಬಿಕೆಗೆ ನಿಮ್ಮ ಕಂಪ್ಯಾರೇಟರ್ ಅರ್ಹವೋ ಅಲ್ಲವೋ ಎಂದು ಪರೀಕ್ಷಿಸುವ ಸಾಲು ನಿಮ್ಮ ಕೋಡ್‌ನಲ್ಲಿ ಇಲ್ಲ, ಬಹುತೇಕ ಭಾಷೆಗಳ ಲೈಬ್ರರಿಯಲ್ಲೂ ಇಲ್ಲ. ತಕ್ಕಡಿಯೇ ಒಮ್ಮೊಮ್ಮೆ ತಪ್ಪು ತೂಗಿದರೆ ತೂಗುವವನಿಗೆ ಅದು ತಿಳಿಯುವುದಿಲ್ಲ. ತೂಕವಂತೂ ನಿಲ್ಲದೆ ಸಾಗುತ್ತದೆ. ನಿಮ್ಮ ಟ್ರೈ-ಕ್ಯಾಚ್ ಖಾಲಿ ಕೂತಿರುವುದಕ್ಕೆ ಕಾರಣ ಇದೇ. ಎಸೆಯುವವರೇ ಇಲ್ಲದಿದ್ದಾಗ ಹಿಡಿಯುವುದೇನನ್ನು?

ಆದ್ದರಿಂದ ಮೊದಲ ಕೆಲಸ, ಆ ಟ್ರೈ-ಕ್ಯಾಚನ್ನು ತೆಗೆದುಹಾಕಿ. ಇನ್ನು ಮುಂದೆ ನಾವು ಬೇಕೆಂದೇ ಎರರ್ ಎಸೆಯುವ ಸಾಲುಗಳನ್ನು ಸೇರಿಸುತ್ತೇವೆ, ಅವನ್ನು ಅದು ನುಂಗಬಾರದು.

ಕನ್ಸೋಲ್ ವಿಷಯವನ್ನೂ ಇಲ್ಲೇ ಮುಗಿಸೋಣ. ಬ್ರೌಸರ್‌ನ ಕನ್ಸೋಲ್‌ಗೆ ಅರೇಯನ್ನು ಹಾಗೇ ಕೊಟ್ಟರೆ, ನೀವು ಅದನ್ನು ಬಿಡಿಸಿ ನೋಡುವ ಹೊತ್ತಿನಲ್ಲಿ ಅರೇಯಲ್ಲಿ ಏನಿದೆಯೋ ಅದನ್ನೇ ತೋರಿಸುತ್ತದೆ. ಪ್ರಿಂಟ್ ಸಾಲು ಓಡಿದ ಕ್ಷಣದ ಸ್ಥಿತಿ ಅದಲ್ಲ. ಸಾರ್ಟ್ ಮುಗಿದ ಮೇಲೆ ನೀವು ಬಾಣದ ಗುರುತನ್ನು ಒತ್ತಿ ತೆರೆಯುತ್ತೀರಿ, ಅಷ್ಟರಲ್ಲಿ ಮೂಲ ಅರೇ ಬದಲಾಗಿರುತ್ತದೆ. ಜೇಸನ್ ಪಠ್ಯವಾಗಿ ಮಾಡಿಯೋ, ಪೂರ್ತಿ ನಕಲು ತೆಗೆದೋ ಪ್ರಿಂಟ್ ಮಾಡಿ. ನಿಮ್ಮ ಕೋಡ್‌ನಲ್ಲಿ ಇದು ದೋಷವಲ್ಲ, ಆದರೆ ದೋಷ ಹುಡುಕುವವರ ದಾರಿ ತಪ್ಪಿಸುವುದರಲ್ಲಿ ಇದರಷ್ಟು ಕೆಟ್ಟದ್ದು ಕಡಿಮೆ.

ಈಗ ದೋಷಗಳನ್ನು ಬೇರ್ಪಡಿಸುವ ಕೆಲಸ. ಸಾರ್ಟ್‌ನ ಫಲಿತಾಂಶ ಸರಿಯಿದೆ ಎನ್ನಲು ಎರಡು ಮಾತು ನಿಜವಾಗಿರಬೇಕು: ಒಳಗೆ ಹೋದ ರೆಕಾರ್ಡ್‌ಗಳೇ, ಒಂದೂ ಹೆಚ್ಚು ಕಡಿಮೆಯಿಲ್ಲದೆ, ಹೊರಗೆ ಬಂದಿರಬೇಕು, ಮತ್ತು ಅವು ಕ್ರಮದಲ್ಲಿರಬೇಕು. ಹೆಚ್ಚಿನವರು ಎರಡನೆಯದನ್ನು ಮಾತ್ರ ನೋಡುತ್ತಾರೆ. ನನ್ನ ಸಲಹೆ, ಯಾವಾಗಲೂ ಮೊದಲನೆಯದನ್ನೇ ಮೊದಲು ನೋಡಿ. ಕಂಪ್ಯಾರೇಟರ್ ಎಷ್ಟೇ ಹುಚ್ಚುಹುಚ್ಚಾಗಿ ಉತ್ತರ ಕೊಟ್ಟರೂ ಸರಿಯಾಗಿ ಬರೆದ ಮರ್ಜ್ ಒಂದು ರೆಕಾರ್ಡನ್ನೂ ಕಳೆಯುವುದಿಲ್ಲ, ಬರೀ ಅಡ್ಡಾದಿಡ್ಡಿ ಜೋಡಿಸುತ್ತದೆ. ರೆಕಾರ್ಡ್ ಕಳೆದಿದೆ ಅಥವಾ ಎರಡು ಸಲ ಬಂದಿದೆ ಎಂದರೆ ದೋಷ ಖಂಡಿತವಾಗಿ ಸಾಗಿಸುವ ಕೋಡ್‌ನಲ್ಲಿದೆ, ಅಂದರೆ ಇಂಡೆಕ್ಸ್, ಲೂಪ್‌ನ ಗಡಿ, ನಕಲು ಮಾಡುವ ಜಾಗ. ಎಣಿಕೆ ಸರಿಯಿದ್ದು ಕ್ರಮ ಮಾತ್ರ ತಪ್ಪಿದ್ದರೆ ಮೊದಲ ಅನುಮಾನ ಕಂಪ್ಯಾರೇಟರ್ ಮೇಲೆ. ಈ ಒಂದು ವಿಂಗಡಣೆಯಿಂದ ಅರ್ಧ ಹುಡುಕಾಟ ಉಳಿಯುತ್ತದೆ.

ಎಣಿಕೆ ನೋಡಲು ಉದ್ದವನ್ನು ಹೋಲಿಸಿದರೆ ಸಾಲದು. ಒಂದು ಕಳೆದು ಇನ್ನೊಂದು ಎರಡು ಸಲ ಬಂದರೆ ಉದ್ದ ಸರಿಯಾಗಿಯೇ ಇರುತ್ತದೆ. ಸಾರ್ಟ್‌ಗೆ ಮೊದಲು ಪ್ರತಿ ರೆಕಾರ್ಡ್‌ಗೂ ಅದರ ಮೂಲ ಸ್ಥಾನವನ್ನು 0, 1, 2 ಎಂದು ಅಂಟಿಸಿ. ಮುಗಿದ ಮೇಲೆ ಆ ಸಂಖ್ಯೆಗಳೆಲ್ಲ ತಲಾ ಒಂದೇ ಸಲ ಇವೆಯೇ ನೋಡಿ, ಇಲ್ಲದಿದ್ದರೆ ಅಲ್ಲೇ ಎರರ್ ಎಸೆಯಿರಿ. ಇದೇ ಸಂಖ್ಯೆಗಳಿಂದ ಇನ್ನೊಂದು ಲಾಭವೂ ಉಂಟು: ಸಮ ಎನಿಸಿಕೊಂಡ ರೆಕಾರ್ಡ್‌ಗಳಲ್ಲಿ ಮೂಲ ಸ್ಥಾನ ಏರಿಕೆಯಲ್ಲೇ ಇದೆಯೇ ಎಂದು ನೋಡಿದರೆ ಸಾರ್ಟ್ ಸ್ಟೇಬಲ್ (ಸಮವಾದವುಗಳ ಮೂಲ ಕ್ರಮವನ್ನು ಉಳಿಸುವಂಥದ್ದು) ಹೌದೋ ಅಲ್ಲವೋ ಗೊತ್ತಾಗುತ್ತದೆ.

ನಿಮ್ಮ ಮರ್ಜ್ ಭಾಗದಲ್ಲಿ ಮೂರು ಕವಲುಗಳಿವೆ. ಕಂಪ್ಯಾರೇಟರ್ ಋಣ ಸಂಖ್ಯೆ ಕೊಟ್ಟರೆ ಎಡಗಡೆಯದನ್ನು ತೆಗೆದುಕೊಳ್ಳುತ್ತೀರಿ, ಧನ ಸಂಖ್ಯೆ ಕೊಟ್ಟರೆ ಬಲಗಡೆಯದನ್ನು. ಸೊನ್ನೆ ಕೊಟ್ಟರೆ ಎಡಗಡೆಯದನ್ನು ತೆಗೆದುಕೊಂಡು ಎರಡೂ ಇಂಡೆಕ್ಸ್‌ಗಳನ್ನು ಮುಂದಕ್ಕೆ ಸರಿಸುತ್ತೀರಿ. ಕಾಣೆಯಾದ ರೆಕಾರ್ಡ್‌ಗಳು ಬಿದ್ದುಹೋಗುತ್ತಿರುವುದು ಇಲ್ಲಿ. ಎರಡು ಗಣಗಳನ್ನು ಸೇರಿಸಿ ನಕಲುಗಳನ್ನು ಬಿಡುವ ಕೋಡ್‌ನಲ್ಲಿ ಹೀಗೆ ಬರೆಯುವುದು ಸರಿ, ಸಾರ್ಟ್‌ನಲ್ಲಿ ಪ್ರತಿ ಸೊನ್ನೆಗೂ ಒಂದು ರೆಕಾರ್ಡ್ ಬಲಿಯಾಗುತ್ತದೆ. ನಿಮ್ಮ ಸಣ್ಣ ಉದಾಹರಣೆಯಲ್ಲಿ ಸಮ ಎನಿಸುವ ಜೋಡಿಯೇ ಇರಲಿಲ್ಲ, ಅಂಕವಿಲ್ಲದ ರೆಕಾರ್ಡೂ ಇರಲಿಲ್ಲ. ದೊಡ್ಡ ಫೈಲ್‌ನಲ್ಲಿ ಎರಡೂ ಇವೆ. ಅಂಕವಿಲ್ಲದ ರೆಕಾರ್ಡ್ ಯಾರ ಎದುರಿಗೆ ನಿಂತರೂ ಉತ್ತರ ಸೊನ್ನೆ. ಹಾಗಾಗಿ ಅದು ಮರ್ಜ್‌ನ ಪ್ರತಿ ಹಂತದಲ್ಲೂ ಎದುರಿಗಿದ್ದವರನ್ನು ಬೀಳಿಸುತ್ತದೆ, ಇಲ್ಲವೇ ತಾನೇ ಬೀಳುತ್ತದೆ. ಯಾರು ಎದುರಾಗುತ್ತಾರೆ ಎಂಬುದು ಫೈಲ್‌ನ ಸಾಲುಗಳ ಮೇಲೆ ಹೋಗುವುದರಿಂದ ಸಾಲು ಬದಲಿಸಿದರೆ ಕಾಣೆಯಾಗುವವರೂ ಬದಲಾಗುತ್ತಾರೆ.

ತಿದ್ದುಪಡಿ ಸಣ್ಣದು: ಮೂರು ಕವಲಿನ ಬದಲು ಎರಡೇ ಇರಲಿ. ಉತ್ತರ ಸೊನ್ನೆ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಎಡ, ಇಲ್ಲದಿದ್ದರೆ ಬಲ. ಸಮ ಬಂದಾಗ ಎಡಕ್ಕೆ ಒಲಿಯುವುದರಿಂದ ಸಾರ್ಟ್ ಸ್ಟೇಬಲ್ ಕೂಡ ಆಗುತ್ತದೆ. ಒಂದು ಕಡೆಯ ಪಟ್ಟಿ ಮುಗಿದ ಮೇಲೆ ಇನ್ನೊಂದು ಕಡೆ ಉಳಿದದ್ದನ್ನು ಪೂರ್ತಿ ಸುರಿಯುವ ಸಾಲುಗಳನ್ನು ನೀವು ಸರಿಯಾಗಿಯೇ ಬರೆದಿದ್ದೀರಿ.

ರೆಕಾರ್ಡ್ ಕಳೆಯುವುದು ನಿಂತ ಮೇಲೂ ಕ್ರಮ ತಪ್ಪುವುದು ನಿಲ್ಲುವುದಿಲ್ಲ. ಇಲ್ಲಿಂದ ಮುಂದೆ ನೋಡಬೇಕಾದ್ದು ಕಂಪ್ಯಾರೇಟರ್. ನಿಮ್ಮ 0.5ರ ನಿಯಮವನ್ನು ಮೂರು ರೆಕಾರ್ಡ್‌ಗಳ ಮೇಲೆ ಹಚ್ಚಿ ನೋಡಿ. ‘ಅ’ಗೆ 90.0 ಅಂಕ, ಸಮಯ 10 ಸೆಕೆಂಡ್. ‘ಬ’ಗೆ 90.4 ಅಂಕ, 20 ಸೆಕೆಂಡ್. ‘ಕ’ಗೆ 90.8 ಅಂಕ, 30 ಸೆಕೆಂಡ್. ಅ ಮತ್ತು ಬ ನಡುವೆ ವ್ಯತ್ಯಾಸ 0.4, ಅಂದರೆ ಸಮ. ಸಮಯ ಕಡಿಮೆಯಿರುವ ಅ ಮೊದಲು. ಬ ಮತ್ತು ಕ ನಡುವೆಯೂ 0.4, ಸಮಯದಲ್ಲಿ ಬ ಮೊದಲು. ಅ ಮತ್ತು ಕ ನಡುವೆ 0.8, ಈಗ ಅಂಕವೇ ಲೆಕ್ಕ, ಕ ಮೊದಲು. ಅ ಎಂಬುದು ಬಗಿಂತ ಮೇಲೆ, ಬ ಎಂಬುದು ಕಗಿಂತ ಮೇಲೆ, ಕ ಎಂಬುದು ಅಗಿಂತ ಮೇಲೆ! ಈ ಮೂವರನ್ನು ಸಾಲಾಗಿ ನಿಲ್ಲಿಸಲು ಜಗತ್ತಿನ ಯಾವ ಸಾರ್ಟ್‌ನಿಂದಲೂ ಆಗುವುದಿಲ್ಲ, ಯಾಕೆಂದರೆ ಸರಿಯಾದ ಸಾಲೇ ಇಲ್ಲ.

ಇನ್ಸರ್ಷನ್ ಸಾರ್ಟನ್ನು (ಒಂದೊಂದೇ ಅಂಶವನ್ನು ಹಿಂದಕ್ಕೆ ಸರಿಸುತ್ತ ತಕ್ಕ ಜಾಗಕ್ಕೆ ಸೇರಿಸುವ ವಿಧಾನ) ಕೈಯಲ್ಲೇ ನಡೆಸಿ ನೋಡಿದರೆ ಇದರ ಕೆಡುಕು ಇನ್ನೂ ಚೆನ್ನಾಗಿ ಕಾಣುತ್ತದೆ. ‘ಅ, ಬ, ಕ’ ಎಂದು ಕೊಟ್ಟರೆ ‘ಅ, ಬ, ಕ’ ಎಂದೇ ಬರುತ್ತದೆ. ‘ಬ, ಕ, ಅ’ ಕೊಟ್ಟರೆ ‘ಬ, ಕ, ಅ’. ‘ಕ, ಅ, ಬ’ ಕೊಟ್ಟರೆ ‘ಕ, ಅ, ಬ’. ಒಂದೇ ದತ್ತಾಂಶಕ್ಕೆ ಮೂರು ಬೇರೆ ಉತ್ತರ. ಈಗ ಸಾಮಾನ್ಯವಾಗಿ ಎಲ್ಲರೂ ಬರೆಯುವ ಪರೀಕ್ಷೆಯನ್ನು ಓಡಿಸಿ, ಅಂದರೆ ಫಲಿತಾಂಶದಲ್ಲಿ ಅಕ್ಕಪಕ್ಕದ ಪ್ರತಿ ಜೋಡಿ ಕ್ರಮದಲ್ಲಿದೆಯೇ ಎಂಬ ಪರೀಕ್ಷೆ. ಮೂರೂ ಉತ್ತರಗಳು ಅದರಲ್ಲಿ ಪಾಸಾಗುತ್ತವೆ! ಅಕ್ಕಪಕ್ಕ ನೋಡಿದರೆ ಸಾಕು ಎನ್ನುವ ಮಾತು ನಿಂತಿರುವುದೂ ಅದೇ ಮುರಿದ ನಂಬಿಕೆಯ ಮೇಲೆ. ನಿಮ್ಮ ಟೆಸ್ಟ್‌ಗಳು ಹಸಿರಾಗಿದ್ದು ಬಳಕೆದಾರರ ದೂರು ಬರುತ್ತಿದ್ದರೆ ಆಶ್ಚರ್ಯಪಡಬೇಡಿ.

ಅಂಕವಿಲ್ಲದ ರೆಕಾರ್ಡ್‌ಗೆ ಸೊನ್ನೆ ಕೊಡುವುದೂ ಇದೇ ಜಾತಿಯ ತಪ್ಪು. 95 ಅಂಕದವರು ಖಾಲಿ ರೆಕಾರ್ಡ್‌ಗೆ ಸಮ, ಖಾಲಿ ರೆಕಾರ್ಡ್ 40 ಅಂಕದವರಿಗೆ ಸಮ, ಆದರೆ 95 ಮತ್ತು 40 ಸಮವಲ್ಲ. ಗೊತ್ತಿಲ್ಲದ್ದನ್ನು ಎಲ್ಲಕ್ಕೂ ಸಮ ಎಂದು ಬರೆದರೆ ಅದು ಪಟ್ಟಿಯ ನಡುವೆ ಗೋಡೆಯಾಗುತ್ತದೆ, ಗೋಡೆಯ ಆಚೆ ಈಚೆಯವರು ಪರಸ್ಪರ ಹೋಲಿಕೆಗೇ ಬರುವುದಿಲ್ಲ. ಪೈಥಾನ್‌ನಲ್ಲಿ ದಶಮಾಂಶ ಸಂಖ್ಯೆಗಳ ನಡುವೆ ‘ನ್ಯಾನ್’, ಅಂದರೆ ‘ಸಂಖ್ಯೆಯಲ್ಲ’ ಎಂಬ ಮೌಲ್ಯ ಸೇರಿಕೊಂಡಾಗ ಆಗುವುದೂ ಇದೇ. ನ್ಯಾನ್ ಒಳಗೊಂಡ ಯಾವ ‘ಚಿಕ್ಕದೇ?’ ಪ್ರಶ್ನೆಗೂ ಉತ್ತರ ‘ಇಲ್ಲ’. 3, ನ್ಯಾನ್, 1, 2 ಎಂಬ ಪಟ್ಟಿಯನ್ನು ಸಾರ್ಟ್ ಮಾಡಿದರೆ ಅದು 3, ನ್ಯಾನ್, 1, 2 ಎಂದೇ ಹಿಂದಿರುಗುತ್ತದೆ. ಯಾವುದೂ ತನ್ನ ಹಿಂದಿನದಕ್ಕಿಂತ ಚಿಕ್ಕದಲ್ಲ ಎಂದು ಕಂಡದ್ದರಿಂದ ಪಟ್ಟಿ ಆಗಲೇ ಕ್ರಮದಲ್ಲಿದೆ ಎಂದು ಪೈಥಾನ್ ತೀರ್ಮಾನಿಸುತ್ತದೆ.

ಜಾವಾಸ್ಕ್ರಿಪ್ಟ್‌ನಲ್ಲಿ ನ್ಯಾನ್ ಹುಟ್ಟುವುದು ಇನ್ನೂ ಸುಲಭ. ರೆಕಾರ್ಡ್‌ನ ಫೀಲ್ಡ್ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾದರೆ ಎರರ್ ಬರುವುದಿಲ್ಲ, ‘ಅನ್‌ಡಿಫೈನ್ಡ್’ ಸಿಗುತ್ತದೆ. ಅದರಿಂದ ಏನನ್ನು ಕಳೆದರೂ ನ್ಯಾನ್. ಭಾಷೆಯ ಸ್ವಂತ ಸಾರ್ಟ್ ಫಂಕ್ಷನ್ ನ್ಯಾನ್ ಉತ್ತರವನ್ನು ಸೊನ್ನೆ ಎಂದು ಭಾವಿಸಿ ಎಲ್ಲವನ್ನೂ ಇದ್ದಲ್ಲೇ ಬಿಡುತ್ತದೆ. ನಿಮ್ಮ ತಿದ್ದಿದ ಮರ್ಜ್‌ನಲ್ಲಿ ‘ಸೊನ್ನೆ ಅಥವಾ ಕಡಿಮೆಯೇ’ ಎಂಬ ಪ್ರಶ್ನೆಗೆ ನ್ಯಾನ್ ‘ಇಲ್ಲ’ ಎನ್ನುವುದರಿಂದ ಪ್ರತಿ ಸಲವೂ ಬಲಗಡೆಯದೇ ಗೆಲ್ಲುತ್ತದೆ. ಒಂದೇ ತಪ್ಪು ಎರಡು ಸಾರ್ಟ್‌ಗಳಲ್ಲಿ ಎರಡು ವೇಷ ಹಾಕುತ್ತದೆ. ಅದಕ್ಕಾಗಿ ಕಂಪ್ಯಾರೇಟರ್ ಸುತ್ತ ಒಂದು ತೆಳು ಹೊದಿಕೆ ಬರೆಯಿರಿ: ಉತ್ತರ ಸಂಖ್ಯೆಯಲ್ಲದಿದ್ದರೆ ಅಥವಾ ನ್ಯಾನ್ ಆಗಿದ್ದರೆ, ಆ ಎರಡು ರೆಕಾರ್ಡ್‌ಗಳನ್ನೂ ಸಂದೇಶದಲ್ಲಿ ಹಾಕಿ ಎರರ್ ಎಸೆಯಲಿ. ಈ ನಾಲ್ಕೈದು ಸಾಲು ಉಳಿಸುವ ಸಮಯಕ್ಕೆ ಹೋಲಿಸಿದರೆ ಅದರ ವೆಚ್ಚ ಏನೂ ಅಲ್ಲ.

ಫೈಲ್‌ನಿಂದ ಓದಿದ ಅಂಕಗಳು ಸಂಖ್ಯೆಗಳೋ ಪಠ್ಯವೋ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಎರಡೂ ಪಠ್ಯವಾಗಿದ್ದರೆ "10" ಎಂಬುದು "9"ಕ್ಕಿಂತ ಚಿಕ್ಕದು, ಮೊದಲ ಅಕ್ಷರವೇ ತೀರ್ಮಾನ. ಒಂದು ಪಠ್ಯ ಇನ್ನೊಂದು ಸಂಖ್ಯೆಯಾಗಿದ್ದರೆ ಜಾವಾಸ್ಕ್ರಿಪ್ಟ್ ಪಠ್ಯವನ್ನು ಸಂಖ್ಯೆ ಮಾಡಿ ಹೋಲಿಸುತ್ತದೆ. ಒಂದೇ ಪಟ್ಟಿಯಲ್ಲಿ ಎರಡೂ ಬೆರೆತರೆ ಮತ್ತೆ ಚಕ್ರ: "10" ಪಠ್ಯವಾಗಿ "9"ಕ್ಕಿಂತ ಚಿಕ್ಕದು, "9" ಸಂಖ್ಯೆಯಾಗಿ 9.5ಕ್ಕಿಂತ ಚಿಕ್ಕದು, 9.5 ಸಂಖ್ಯೆಯಾಗಿ "10"ಕ್ಕಿಂತ ಚಿಕ್ಕದು. ಓದುವ ಜಾಗದಲ್ಲೇ ಸಂಖ್ಯೆಗೆ ಬದಲಿಸಿ, ಕಂಪ್ಯಾರೇಟರ್ ಒಳಗೆ ಅಲ್ಲ.

ಇಂಥ ಚಕ್ರಗಳನ್ನು ಕಣ್ಣಿನಿಂದ ಹುಡುಕಲು ಹೋಗಬೇಡಿ, ಅದು ಯಂತ್ರದ ಕೆಲಸ. ಸಾರ್ಟನ್ನು ಪಕ್ಕಕ್ಕಿಡಿ. ನಿಮ್ಮ ನಿಜವಾದ ಫೈಲ್‌ನಿಂದ ಬೇರೆ ಬೇರೆ ಬಗೆಯ 200 ರೆಕಾರ್ಡ್ ಆರಿಸಿ. ಅಂಕ ಹತ್ತಿರ ಹತ್ತಿರ ಇರುವವು, ಖಾಲಿ ಇರುವವು, ಸೊನ್ನೆ, ಋಣ ಸಂಖ್ಯೆ ಎಲ್ಲ ಅದರಲ್ಲಿರಲಿ. ಕಂಪ್ಯಾರೇಟರನ್ನು ಮಾತ್ರ ಮೂರು ಲೂಪ್‌ಗಳೊಳಗಿಟ್ಟು ಎಲ್ಲ ತ್ರಿವಳಿಗಳ ಮೇಲೂ ಓಡಿಸಿ. 200ಕ್ಕೆ 80 ಲಕ್ಷ ತ್ರಿವಳಿಗಳು, ಅದು ಬೇಗ ಮುಗಿಯುತ್ತದೆ. ಸಾವಿರಕ್ಕೆ ನೂರು ಕೋಟಿ ಆಗುವುದರಿಂದ ಪೂರ್ತಿ ಫೈಲ್ ಬೇಡ. ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ತನಗೆ ತಾನು ಹೋಲಿಸಿದರೆ ಸೊನ್ನೆ ಬರುತ್ತದೆಯೇ? ಎರಡರ ಜಾಗ ಅದಲುಬದಲು ಮಾಡಿದರೆ ಉತ್ತರದ ಚಿಹ್ನೆಯೂ ಬದಲಾಗುತ್ತದೆಯೇ? ಅ ಎಂಬುದು ಬಗಿಂತ ಮೊದಲು, ಬ ಎಂಬುದು ಕಗಿಂತ ಮೊದಲು ಆದಾಗ ಅ ಎಂಬುದು ಕಗಿಂತ ಮೊದಲೇ? ಅ ಮತ್ತು ಬ ಸಮವಾದರೆ ಮೂರನೆಯ ಯಾವುದರ ಜೊತೆ ಹೋಲಿಸಿದರೂ ಎರಡೂ ಒಂದೇ ಚಿಹ್ನೆ ಕೊಡುತ್ತವೆಯೇ? ಈ ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನಿಮ್ಮ ಖಾಲಿ ರೆಕಾರ್ಡ್ ಸಿಕ್ಕಿಬೀಳುವುದು ಅದರಲ್ಲೇ. ಯಾವ ತ್ರಿವಳಿ ಸೋಲುತ್ತದೋ ಅದನ್ನು ಪ್ರಿಂಟ್ ಮಾಡಿ ನಿಲ್ಲಿಸಿ. ಮೂರೇ ರೆಕಾರ್ಡ್‌ಗಳು ನಿಮ್ಮ ಕಣ್ಣೆದುರಿಗಿರುತ್ತವೆ, ಆಮೇಲೆ ಯೋಚಿಸುವುದು ಸುಲಭ.

ಎರಡನೆಯ ಪ್ರಶ್ನೆಯಲ್ಲಿ ಸೋಲುವುದು ಹೆಚ್ಚಾಗಿ ಬೂಲಿಯನ್, ಅಂದರೆ ಬರೀ ‘ಹೌದು’ ಅಥವಾ ‘ಇಲ್ಲ’ ಎಂದು ಹಿಂದಿರುಗಿಸುವ ಕಂಪ್ಯಾರೇಟರ್‌ಗಳು. ‘ಅ > ಬ’ ಎಂದಷ್ಟೇ ಬರೆದರೆ ಸಿಗುವುದು 1 ಅಥವಾ 0, ಋಣ ಸಂಖ್ಯೆ ಎಂದೂ ಬರುವುದಿಲ್ಲ. ಕ್ರೋಮ್ ಬ್ರೌಸರ್‌ನ ಹಳೆಯ ಆವೃತ್ತಿಗಳಲ್ಲಿ ಸಣ್ಣ ಅರೇಗಳಿಗೆ ಇದು ಕೆಲಸ ಮಾಡುತ್ತಿತ್ತು, ಏಕೆಂದರೆ ಹತ್ತು ಅಂಶಗಳವರೆಗೆ ಅದರ ವಿ8 ಎಂಜಿನ್ ಇನ್ಸರ್ಷನ್ ಸಾರ್ಟ್ ಬಳಸುತ್ತಿತ್ತು, ಅದಕ್ಕೆ ‘ದೊಡ್ಡದೇ’ ಎಂಬ ಉತ್ತರ ಸಾಕಿತ್ತು. 2018ರಲ್ಲಿ ಕ್ರೋಮ್ 70 ಬಂದಾಗ ವಿ8 ಟಿಮ್‌ಸಾರ್ಟ್‌ಗೆ (ಆಗಲೇ ಕ್ರಮದಲ್ಲಿರುವ ತುಣುಕುಗಳನ್ನು ಹುಡುಕಿ ಮರ್ಜ್ ಮಾಡುವ ವಿಧಾನ) ಬದಲಾಯಿತು. ಅದು ಕೇಳುವುದು ‘ಚಿಕ್ಕದೇ’ ಎಂದು. ಋಣ ಉತ್ತರ ಬಾರದ ಕಾರಣ ಪಟ್ಟಿ ಆಗಲೇ ಕ್ರಮದಲ್ಲಿದೆ ಎಂದು ತಿಳಿದು ಹಾಗೇ ಬಿಡುತ್ತದೆ. ವರ್ಷಗಳಿಂದ ಓಡುತ್ತಿದ್ದ ಪುಟಗಳು ಒಂದು ಬ್ರೌಸರ್ ಅಪ್‌ಡೇಟ್‌ಗೆ ಕೆಟ್ಟವು. ಆದರೆ ಕೋಡ್ ಮೊದಲಿನಿಂದಲೂ ತಪ್ಪೇ ಆಗಿತ್ತು, ಫಲಿತಾಂಶ ಮಾತ್ರ ಸರಿ ಬರುತ್ತಿತ್ತು.

ಸಣ್ಣ ಪಟ್ಟಿಯಲ್ಲಿ ಸರಿ, ದೊಡ್ಡದರಲ್ಲಿ ತಪ್ಪು ಎಂಬ ಅನುಭವ ಲೈಬ್ರರಿಯ ಸಾರ್ಟ್ ಬಳಸುವವರಿಗೂ ಆಗುತ್ತದೆ, ಕಾರಣ ಮಾತ್ರ ಬೇರೆ. ಲೈಬ್ರರಿಗಳು ಉದ್ದ ನೋಡಿ ವಿಧಾನ ಬದಲಿಸುತ್ತವೆ. ಜಾವಾದಲ್ಲಿ 2011ರ ಏಳನೆಯ ಆವೃತ್ತಿಯಿಂದ ಆಬ್ಜೆಕ್ಟ್‌ಗಳ ಸಾರ್ಟ್‌ಗೆ ಟಿಮ್‌ಸಾರ್ಟ್ ಇದೆ. ಕಂಪ್ಯಾರೇಟರ್ ಮಾತು ತಪ್ಪಿದ್ದು ಮರ್ಜ್ ಮಾಡುವಾಗ ಕಣ್ಣಿಗೆ ಬಿದ್ದರೆ ಅದು ಎರರ್ ಎಸೆಯುತ್ತದೆ. ಆದರೆ 32ಕ್ಕಿಂತ ಕಡಿಮೆ ಅಂಶಗಳಿದ್ದರೆ ಮರ್ಜ್ ಹಂತವೇ ಇಲ್ಲ, ಎರರ್ ಬರುವ ಮಾತೇ ಇಲ್ಲ. ದೊಡ್ಡ ಪಟ್ಟಿಯಲ್ಲೂ ಅದೃಷ್ಟವಿದ್ದರೆ ಮಾತ್ರ ಗೊತ್ತಾಗುತ್ತದೆ. ಆ ಎರರ್ ಕಂಡವರಲ್ಲಿ ಕೆಲವರು ಹಳೆಯ ಮರ್ಜ್ ಸಾರ್ಟ್‌ಗೆ ಮರಳುವ ಸೆಟ್ಟಿಂಗ್ ಹಾಕಿ ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ದೋಷವನ್ನು ಮತ್ತೆ ಮೌನಕ್ಕೆ ತಳ್ಳುವುದಷ್ಟೇ. ರಸ್ಟ್ ಭಾಷೆ 2024ರ 1.81 ಆವೃತ್ತಿಯಿಂದ ಇಂಥ ಹೋಲಿಕೆ ಕಂಡರೆ ಪ್ರೋಗ್ರಾಮನ್ನೇ ನಿಲ್ಲಿಸಬಹುದು ಎಂದು ನಿಯಮ ಮಾಡಿಕೊಂಡಿದೆ. ನನಗೆ ಅದು ಸರಿಯಾದ ನಿಲುವು ಎನಿಸುತ್ತದೆ.

ಸಿ ಮತ್ತು ಸಿ++ನಲ್ಲಿ ಪರಿಣಾಮ ಇನ್ನೂ ಕೆಟ್ಟದು, ತಪ್ಪು ಕ್ರಮಕ್ಕೆ ನಿಲ್ಲುವುದಿಲ್ಲ. ಸಿ++ನ ಸಾರ್ಟ್‌ಗೆ ‘ಚಿಕ್ಕದು’ ಎಂಬ ಹೋಲಿಕೆಯ ಬದಲು ‘ಚಿಕ್ಕದು ಅಥವಾ ಸಮ’ ಎಂದು ಕೊಟ್ಟರೆ, ಒಂದೇ ಮೌಲ್ಯದ ಅಂಶಗಳು ಬಹಳ ಇದ್ದಾಗ ಒಳಗಿನ ಲೂಪ್ ಅರೇಯ ಗಡಿ ದಾಟಿ ಓದಬಲ್ಲದು. ಸಿ ಭಾಷೆಯಲ್ಲಿ ‘ಅ − ಬ’ ಎಂದು ಬರೆಯುವ ಅಭ್ಯಾಸ ಬಹಳ ಹಳೆಯದು. 32 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ಋಣ 200 ಕೋಟಿಯಿಂದ ಧನ 200 ಕೋಟಿಯನ್ನು ಕಳೆದರೆ ಋಣ 400 ಕೋಟಿ ಬರಬೇಕು, ಅಷ್ಟು ಜಾಗವಿಲ್ಲ. ಸುತ್ತಿ ಬರುವ ಯಂತ್ರದಲ್ಲಿ ಸಿಗುವುದು ಧನ 29,49,67,296. ಚಿಕ್ಕದು ದೊಡ್ಡದಾಯಿತು. 2024ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಇಂಥದೇ ಕಂಪ್ಯಾರೇಟರ್‌ನಿಂದ ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯ ಕ್ಯೂಸಾರ್ಟ್ ಎಂಬ ಸಾರ್ಟ್ ಫಂಕ್ಷನ್ ಮೆಮೊರಿಯನ್ನೇ ಕೆಡಿಸಬಲ್ಲದು ಎಂದು ತೋರಿಸಿದರು, ಆ ದೌರ್ಬಲ್ಯ 1992ರಷ್ಟು ಹಿಂದಿನಿಂದಲೂ ಅಲ್ಲಿತ್ತು. ಜಾವಾಸ್ಕ್ರಿಪ್ಟ್ ಸಂಖ್ಯೆಗಳು ದಶಮಾಂಶ ಬಗೆಯವಾದ್ದರಿಂದ ನಿಮಗೆ ಹೀಗೆ ಸುತ್ತಿ ಬರುವ ಭಯವಿಲ್ಲ, ಆದರೆ ಅನಂತದಿಂದ ಅನಂತವನ್ನು ಕಳೆದರೆ ಅಲ್ಲೂ ನ್ಯಾನ್ ಬರುತ್ತದೆ. ಅಂಕವಿಲ್ಲದವರಿಗೆ ಋಣ ಅನಂತ ತುಂಬುವ ಯೋಚನೆ ನಿಮಗೆ ಬಂದಿದ್ದರೆ ಇದು ನೆನಪಿರಲಿ. ಕಳೆಯುವುದನ್ನು ಬಿಟ್ಟು ‘ಚಿಕ್ಕದಾದರೆ −1, ದೊಡ್ಡದಾದರೆ 1, ಇಲ್ಲದಿದ್ದರೆ 0’ ಎಂದು ಬರೆಯುವುದು ಎಲ್ಲ ಭಾಷೆಗೂ ಒಳ್ಳೆಯದು. ಮೌಲ್ಯಗಳಲ್ಲಿ ನ್ಯಾನ್ ಇಲ್ಲವೆಂದು ಮೊದಲೇ ನೋಡಿಕೊಂಡಿರಬೇಕು, ಅಷ್ಟೆ.

ಸಾಗಿಸುವ ಕೋಡ್‌ಗೆ ಮರಳೋಣ. ಒಂದು ದೋಷ ಸಿಕ್ಕಿತು ಎಂದು ಅಲ್ಲಿ ಇನ್ನಿಲ್ಲ ಎನ್ನಲಾಗದು. ಜಾವಾಸ್ಕ್ರಿಪ್ಟ್‌ನಲ್ಲಿ ಅರೇಯ ಗಡಿ ದಾಟಿ ಓದಿದರೂ ಎರರ್ ಇಲ್ಲ, ಪೈಥಾನ್‌ನಲ್ಲಿ ಇಂಡೆಕ್ಸ್ −1 ಆದರೆ ಪಟ್ಟಿಯ ಕೊನೆಯ ಅಂಶ ಸಿಗುತ್ತದೆ. ಆದ್ದರಿಂದ ಗಡಿಯ ತಪ್ಪುಗಳನ್ನು ಟೆಸ್ಟ್‌ನಿಂದಲೇ ಹಿಡಿಯಬೇಕು. ಇದಕ್ಕೆ ದೊಡ್ಡ ದತ್ತಾಂಶ ಬೇಡ, ತೀರಾ ಸಣ್ಣವನ್ನು ಒಂದೂ ಬಿಡದೆ ಓಡಿಸಿ. 0, 1, 2, 3 ಎಂಬ ನಾಲ್ಕೇ ಮೌಲ್ಯಗಳಿಂದ ಆರು ಅಂಶಗಳವರೆಗಿನ ಎಲ್ಲ ಪಟ್ಟಿಗಳನ್ನು ಮಾಡಿದರೆ, ಖಾಲಿ ಪಟ್ಟಿಯೂ ಸೇರಿ 5,461 ಆಗುತ್ತವೆ. ಪ್ರತಿಯೊಂದನ್ನೂ ನಿಮ್ಮ ಸಾರ್ಟ್‌ಗೂ ಲೈಬ್ರರಿಯ ಸಾರ್ಟ್‌ಗೂ ಕೊಟ್ಟು ಉತ್ತರ ಹೋಲಿಸಿ. ಮೌಲ್ಯಗಳು ನಾಲ್ಕೇ ಆದ್ದರಿಂದ ಸಮ ಬರುವ ಜೋಡಿಗಳು ತುಂಬಿ ತುಳುಕುತ್ತವೆ. ನಿಮ್ಮ ಎರಡೂ ಇಂಡೆಕ್ಸ್ ಸರಿಸುವ ದೋಷ ಎರಡು ಅಂಶದ ಪಟ್ಟಿಯಲ್ಲೇ, 0 ಮತ್ತು 0 ಎಂದಿದ್ದಾಗಲೇ ಬಯಲಾಗುತ್ತಿತ್ತು. ಒಂದರಿಂದ ಹತ್ತು ಲಕ್ಷದವರೆಗಿನ ಯಾದೃಚ್ಛಿಕ ಸಂಖ್ಯೆಗಳ ಹತ್ತು ಹನ್ನೆರಡು ಅಂಶದ ಪಟ್ಟಿಗಳಿಂದ ಅದು ಸಿಗುವುದು ಅಪರೂಪ.

ದೊಡ್ಡ ಫೈಲ್‌ನಲ್ಲಿ ಮಾತ್ರ ಕಾಣುವ ದೋಷ ಉಳಿದರೆ, ಫೈಲನ್ನು ಕುಗ್ಗಿಸಿ. ಅರ್ಧ ತೆಗೆದು ಓಡಿಸಿ. ಇನ್ನೂ ತಪ್ಪಿದರೆ ಉಳಿದ ಅರ್ಧ ಬೇಡ, ಸರಿಯಾದರೆ ಇನ್ನೊಂದು ಅರ್ಧ ಪ್ರಯತ್ನಿಸಿ, ಎರಡೂ ಅಲ್ಲದಿದ್ದರೆ ಕಾಲು ಭಾಗ. ಕೊನೆಗೆ ಒಂದೊಂದೇ ರೆಕಾರ್ಡ್ ತೆಗೆಯುತ್ತ, ಯಾವುದನ್ನು ತೆಗೆದರೂ ದೋಷ ಮಾಯವಾಗುವ ಸ್ಥಿತಿಗೆ ಬನ್ನಿ. ಇದನ್ನು ಮಾಡುವ ಸ್ಕ್ರಿಪ್ಟ್ ಚಿಕ್ಕದು. ಪೈಥಾನ್‌ನ ಹೈಪಾಥಿಸಿಸ್, ಹ್ಯಾಸ್ಕೆಲ್‌ನ ಕ್ವಿಕ್‌ಚೆಕ್‌ನಂಥ ಸಾಧನಗಳಲ್ಲಿ ಕುಗ್ಗಿಸುವ ಸೌಲಭ್ಯ ಇದೆ.

ಅಸರ್ಟ್ (‘ಇದು ನಿಜವಿರಲೇಬೇಕು, ಇಲ್ಲದಿದ್ದರೆ ಎರರ್’ ಎನ್ನುವ ಸಾಲು) ಬಳಸುವವರಿಗೆ ಒಂದು ಎಚ್ಚರಿಕೆ. ಜಾವಾದಲ್ಲಿ ಅಸರ್ಟ್‌ಗಳು ನಾವಾಗಿ ಆನ್ ಮಾಡುವವರೆಗೂ ಓಡುವುದಿಲ್ಲ, ಪೈಥಾನ್‌ನಲ್ಲಿ ಆಪ್ಟಿಮೈಸ್ ಆಯ್ಕೆ ಕೊಟ್ಟು ಓಡಿಸಿದರೆ ಅವು ಮಾಯ. ಎಣಿಕೆಯ ಪರೀಕ್ಷೆಯನ್ನು ಮಾಮೂಲಿ ಇಫ್ ಮತ್ತು ಥ್ರೋ ಆಗಿಯೇ ಬರೆಯಿರಿ.

ಗಡಿಯ ವಿಷಯದಲ್ಲಿ ನುರಿತವರ ಕೋಡೂ ಸೋತಿದೆ. ಜಾವಾ ಲೈಬ್ರರಿಯ ಬೈನರಿ ಸರ್ಚ್‌ನಲ್ಲಿ ನಡುವಿನ ಇಂಡೆಕ್ಸ್ ಹುಡುಕಲು ಕೆಳಗಿನದನ್ನೂ ಮೇಲಿನದನ್ನೂ ಕೂಡಿ ಎರಡರಿಂದ ಭಾಗಿಸುತ್ತಿದ್ದರು. ಅರೇ ಸುಮಾರು 107 ಕೋಟಿ ಅಂಶಗಳನ್ನು ದಾಟಿದರೆ ಆ ಕೂಡುವಿಕೆಯೇ ಉಕ್ಕಿಹೋಗುತ್ತದೆ ಎಂದು ಅದನ್ನು ಬರೆದ ಜೋಶುವಾ ಬ್ಲಾಕ್ 2006ರಲ್ಲಿ ಪ್ರಕಟಿಸಿದರು. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್‌ಗಾಗಿ ರೂಪಿಸಿದ ಟಿಮ್‌ಸಾರ್ಟ್‌ನಲ್ಲೂ ಮರ್ಜ್‌ಗಾಗಿ ಕಾದಿರುವ ತುಣುಕುಗಳ ಲೆಕ್ಕದಲ್ಲಿ ತಪ್ಪಿದೆ ಎಂದು 2015ರಲ್ಲಿ ಗೊತ್ತಾಯಿತು. ಅದನ್ನು ಹಿಡಿದದ್ದು ಟೆಸ್ಟ್ ಅಲ್ಲ, ಕೋಡ್ ಸರಿಯಿದೆ ಎಂದು ಗಣಿತದಿಂದ ಸಾಧಿಸಲು ಹೊರಟವರ ಪ್ರಯತ್ನ.

ಈಗ ಉಳಿದದ್ದು ನಿಮ್ಮ 0.5ರ ನಿಯಮ. ಇದನ್ನು ಕಂಪ್ಯಾರೇಟರ್ ತಿದ್ದಿ ಸರಿಮಾಡಲು ಬರುವುದಿಲ್ಲ, ನಿಯಮದಲ್ಲೇ ವಿರೋಧವಿದೆ. ಎರಡು ದಾರಿಗಳಿವೆ. ಒಂದು, ಅಂಕಗಳನ್ನು ಮೊದಲೇ 0.5 ಅಗಲದ ಪಟ್ಟಿಗಳಿಗೆ ಹಾಕುವುದು: 90.0ರಿಂದ 90.5ರ ಒಳಗಿನವರೆಲ್ಲ ಒಂದು ಪಟ್ಟಿ, 90.5ರಿಂದ 91.0ರ ಒಳಗಿನವರು ಇನ್ನೊಂದು. ಪಟ್ಟಿಯ ಸಂಖ್ಯೆಯನ್ನು ಮೊದಲು, ಸಮಯವನ್ನು ಆಮೇಲೆ ಹೋಲಿಸಿದರೆ ಚಕ್ರ ಸಾಧ್ಯವೇ ಇಲ್ಲ. ಆದರೆ 90.4 ಮತ್ತು 90.6 ಬೇರೆ ಪಟ್ಟಿಗೆ ಬೀಳುತ್ತವೆ, ವ್ಯತ್ಯಾಸ 0.2 ಮಾತ್ರ ಇದ್ದರೂ. ಇನ್ನೊಂದು, ಬರೀ ಅಂಕದ ಮೇಲೆ ಸಾರ್ಟ್ ಮಾಡಿ ಮೇಲಿಂದ ಕೆಳಗೆ ನಡೆಯುವುದು. ಗುಂಪಿನ ಮೊದಲಿಗರಿಂದ 0.5ಕ್ಕಿಂತ ಕಡಿಮೆ ಹಿಂದಿರುವವರನ್ನು ಅದೇ ಗುಂಪಿಗೆ ಸೇರಿಸಿ, ಮುಂದಿನವರಿಂದ ಹೊಸ ಗುಂಪು ಆರಂಭಿಸಿ, ಗುಂಪಿನೊಳಗೆ ಸಮಯದ ಮೇಲೆ ಸಾರ್ಟ್ ಮಾಡುವುದು. ನಮ್ಮ ಮೂವರಿಗೆ ಮೊದಲ ದಾರಿಯಲ್ಲಿ ‘ಕ, ಅ, ಬ’ ಬರುತ್ತದೆ, ಎರಡನೆಯದರಲ್ಲಿ ‘ಬ, ಕ, ಅ’. ಮೊದಲ ಸ್ಥಾನವೇ ಬದಲಾಗುವ ಪ್ರಶ್ನೆ ಇದು. ಸ್ಪರ್ಧೆಯ ನಿಯಮ ಮಾಡಿದವರ ಮುಂದೆ ಈ ಮೂರು ರೆಕಾರ್ಡ್‌ಗಳನ್ನು ಇಟ್ಟು ಯಾರು ಗೆಲ್ಲಬೇಕು ಎಂದು ಕೇಳಿ. ನೀವೇ ಊಹಿಸಿ ಬರೆಯಬೇಡಿ, ಸ್ಪರ್ಧಿಗಳಿಗೆ ಅನ್ಯಾಯವಾಗುತ್ತದೆ.

ಅಂಕವಿಲ್ಲದವರನ್ನು ಸಾರ್ಟ್‌ಗೆ ಮೊದಲೇ ಬೇರೆ ಅರೇಗೆ ತೆಗೆದು ಕೊನೆಯಲ್ಲಿ ಜೋಡಿಸಿ. ಕಲಿಯಲೆಂದು ಬರೆದ ಮರ್ಜ್ ಸಾರ್ಟನ್ನು ಕಲಿಕೆಗೆ ಇಟ್ಟುಕೊಂಡು, ಬಳಕೆಗೆ ಜಾವಾಸ್ಕ್ರಿಪ್ಟ್‌ನ ಸ್ವಂತ ಸಾರ್ಟನ್ನೇ ಬಳಸಿ. 2019ರ ಇಸಿಎಂಎಸ್ಕ್ರಿಪ್ಟ್ ಮಾನದಂಡದಿಂದ ಅದು ಸ್ಟೇಬಲ್ ಆಗಿರಲೇಬೇಕು. ಆದರೆ ತಪ್ಪು ಕಂಪ್ಯಾರೇಟರನ್ನು ಅದೂ ನಿಮಗೆ ತಿಳಿಸುವುದಿಲ್ಲ, ಹಾಗಾಗಿ ತ್ರಿವಳಿ ಪರೀಕ್ಷೆಯನ್ನು ಟೆಸ್ಟ್‌ಗಳಲ್ಲಿ ಉಳಿಸಿಕೊಳ್ಳಿ. ನಿಯಮದವರಿಂದ ಉತ್ತರ ಬಂದ ಮೇಲೆ ಅ, ಬ, ಕ ಮೂವರನ್ನು ಆರು ಕ್ರಮಗಳಲ್ಲೂ ಕೊಟ್ಟು ಪ್ರತಿ ಸಲ ಒಂದೇ ಉತ್ತರ ಬರುತ್ತದೆಯೇ ಎಂಬುದನ್ನು ಮೊದಲ ಟೆಸ್ಟ್ ಮಾಡಿ.